ಎಲ್ಕ್ ಶಿಕಾರಿಗೆ 1,500 ಅಡಿ-ಪೌಂಡ್ ಲೆಕ್ಕ ಸಾಕಾ? ಎಷ್ಟು ದೂರದಿಂದ ಗುಂಡು ಹೊಡೆಯಬಹುದು?

ಪ್ರಶ್ನೆ: ನಾನು ಕೊಡಗಿನವನು, ಈಗ ಕೊಲೊರಾಡೋದ ಡೆನ್ವರ್ ಹತ್ತಿರ ಇದ್ದೇನೆ. ಈ ವರ್ಷ ಹಂಟರ್ ಎಜುಕೇಶನ್ (ಬೇಟೆಗಾರರ ತರಬೇತಿ) ಮುಗಿಸಿ, ಇಲ್ಲಿನ ದೊಡ್ಡ ಜಿಂಕೆಯಾದ ಎಲ್ಕ್‌ನ ಒಂದು ಹೆಣ್ಣನ್ನು ಹೊಡೆಯುವ ಪರವಾನಗಿ, ಅಂದರೆ ಟ್ಯಾಗ್, ಪಡೆದಿದ್ದೇನೆ. ನನ್ನ ಹತ್ತಿರ ಇರುವುದು 6.5 ಕ್ರೀಡ್‌ಮೂರ್ ರೈಫಲ್, 143 ಗ್ರೇನ್ ತೂಕದ ಗುಂಡಿನ ತೋಟಾ. ಜಿಂಕೆಗೆ 1,000 ಅಡಿ-ಪೌಂಡ್, ಎಲ್ಕ್‌ಗೆ 1,500 ಅಡಿ-ಪೌಂಡ್ ಶಕ್ತಿ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಂಪನಿಯ ಟೇಬಲ್‌ನಲ್ಲಿ ನನ್ನ ತೋಟಾಕ್ಕೆ 400 ಗಜದಲ್ಲಿ 1,475 ಅಷ್ಟೇ ಇದೆ. ಹಾಗಾದರೆ 375 ಗಜಕ್ಕೆ ಹೊಡೆಯಬಹುದು, 400ಕ್ಕೆ ಹೊಡೆಯಬಾರದು ಅಂತಲೇ? ಜೊತೆಗೆ ಬರುವ ಗೆಳೆಯ, ಒಳ್ಳೆ ಸ್ಕೋಪ್ ಇದ್ದರೆ 500 ಗಜ ಏನೂ ಅಲ್ಲ ಎನ್ನುತ್ತಾನೆ. ಇನ್ನೊಬ್ಬರು .300 ವಿಂಚೆಸ್ಟರ್ ಮ್ಯಾಗ್ನಮ್ ತೆಗೆದುಕೋ ಎನ್ನುತ್ತಾರೆ. ಊರಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದ ಅಭ್ಯಾಸ ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ. ಪ್ರಾಣಿ ನರಳಬಾರದು. ಎಷ್ಟು ದೂರದವರೆಗೆ ಹೊಡೆಯಲಿ?

ಉತ್ತರ: ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ವರ್ಷ 250 ಗಜದ ಒಳಗೆ ಇರಿ. ಕೆಳಗೆ ಹೇಳುವ ಪರೀಕ್ಷೆಯಲ್ಲಿ ಗೆದ್ದರೆ 300. ಅದರಾಚೆ ಎಲ್ಕ್ ಕಂಡರೆ ಹತ್ತಿರ ಹೋಗುವ ದಾರಿ ಹುಡುಕಿ, ದಾರಿ ಇಲ್ಲದಿದ್ದರೆ ಬಿಟ್ಟುಬಿಡಿ. ಈ ಮಿತಿಗೂ 1,500 ಅಡಿ-ಪೌಂಡಿಗೂ ಹೆಚ್ಚು ಸಂಬಂಧ ಇಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಸಾಮಾನ್ಯವಾಗಿ ದಾರಿ ತಪ್ಪುವುದು ಈ ಒಂದು ಸಂಖ್ಯೆಯಿಂದಲೇ.

ಮೊದಲಿಗೆ ಆ ಸಂಖ್ಯೆ ಎಲ್ಲಿಂದ ಬರುತ್ತದೆ ನೋಡೋಣ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಬರೆಯಿರಿ. ಅದರ ವೇಗವನ್ನು ಸೆಕೆಂಡಿಗೆ ಎಷ್ಟು ಅಡಿ ಎಂದು ಬರೆದು ವರ್ಗ ಮಾಡಿ. ಎರಡನ್ನೂ ಗುಣಿಸಿ 4,50,240ರಿಂದ ಭಾಗಿಸಿ. ನಿಮ್ಮ 143 ಗ್ರೇನ್ ಗುಂಡು ನಳಿಗೆಯ ಬಾಯಿಂದ 2,700 ಅಡಿ ವೇಗದಲ್ಲಿ ಹೊರಟರೆ 2,315 ಅಡಿ-ಪೌಂಡ್ ಬರುತ್ತದೆ. ಅಷ್ಟೇ. ಇದರಲ್ಲಿ ಗುಂಡು ಯಾವುದರಿಂದ ಮಾಡಿದ್ದು, ಮೈಗೆ ತಾಗಿದ ಮೇಲೆ ಏನಾಗುತ್ತದೆ, ಎಷ್ಟು ಒಳಗೆ ಹೋಗುತ್ತದೆ, ಎಲ್ಲಿ ತಾಗುತ್ತದೆ, ಯಾವುದೂ ಇಲ್ಲ. ವೇಗವನ್ನು ವರ್ಗ ಮಾಡುವುದರಿಂದ ಹಗುರ ಗುಂಡು ಜೋರಾಗಿ ಹೋದರೂ ದೊಡ್ಡ ಸಂಖ್ಯೆ ಬಂದುಬಿಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಕೊಯೊಟೆಯಂಥ ಸಣ್ಣ ಪ್ರಾಣಿಗಳಿಗೆ ಬಳಸುವ .22-250 ರೈಫಲ್‌ನ 55 ಗ್ರೇನ್ ಗುಂಡು 3,500 ಅಡಿ ವೇಗದಲ್ಲಿದ್ದಾಗ ಅದರ ಶಕ್ತಿ ಸುಮಾರು 1,500 ಅಡಿ-ಪೌಂಡ್. ಲೆಕ್ಕದ ಪ್ರಕಾರ ಎಲ್ಕ್‌ಗೆ ಸಾಕು! ಆದರೆ ಆ ತೆಳು ಗುಂಡು ಎಲ್ಕ್‌ನ ಭುಜಕ್ಕೆ ತಾಗಿದರೆ ಮೇಲ್ಮೇಲೆಯೇ ಚೂರುಚೂರಾಗುತ್ತದೆ. ಪ್ರಾಣಿ ದೊಡ್ಡ ಗಾಯ ಹೊತ್ತು ಓಡಿಹೋಗಿ ದಿನಗಟ್ಟಲೆ ನರಳುತ್ತದೆ. ಅತ್ತ ಕಡೆ .45-70 ಎಂಬ ಹಳೇ ತೋಟಾ ಇದೆ, 1873ರದ್ದು. ಅಮೆರಿಕದ ಕಾಡೆಮ್ಮೆಗಳನ್ನು ಹೊಡೆದ ತೋಟಾ ಅದು. ಅದರ 405 ಗ್ರೇನ್ ಗುಂಡು ಇವತ್ತಿನ ಸಾಧಾರಣ ಫ್ಯಾಕ್ಟರಿ ತೋಟಾದಲ್ಲಿ 100 ಗಜಕ್ಕೆ 1,227 ಅಡಿ-ಪೌಂಡ್‌ಗೆ ಇಳಿದಿರುತ್ತದೆ. ಲೆಕ್ಕದ ಪ್ರಕಾರ ಎಲ್ಕ್‌ಗೆ ಸಾಲದು. ನಿಜದಲ್ಲಿ ಅದು ಎಲ್ಕ್‌ನ ಎರಡೂ ಶ್ವಾಸಕೋಶ ದಾಟಿ ಆಚೆ ಬರಬಲ್ಲದು.

ಇನ್ನು ಬಿಲ್ಲುಬಾಣದ ವಿಷಯ. ಕೊಲೊರಾಡೋದಲ್ಲಿ ಎಲ್ಕ್‌ಗೆ ಬಿಲ್ಲಿನ ಸೀಸನ್ ಬೇರೆಯೇ ಇದೆ, ಅಲ್ವಾ? 400 ಗ್ರೇನ್ ಬಾಣ 270 ಅಡಿ ವೇಗದಲ್ಲಿ ಹೋದರೆ 65 ಅಡಿ-ಪೌಂಡ್ ಆಗುತ್ತದೆ. ಹರಿತವಾದ ಅಲಗು ಎರಡೂ ಶ್ವಾಸಕೋಶ ಕೊಯ್ದುಕೊಂಡು ಹೋದರೆ ಅಷ್ಟರಲ್ಲೇ ಎಲ್ಕ್ ಬೇಗ ಬೀಳುತ್ತದೆ. ಹಾಗಾಗಿ ಪ್ರಾಣಿ ಸಾಯುವುದು ಶಕ್ತಿಯಿಂದ ಎನ್ನುವ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಗುಂಡು ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳನ್ನು ಹರಿಯಬೇಕು. ರಕ್ತದ ಒತ್ತಡ ಬೀಳಬೇಕು. ಮಿದುಳಿಗೆ ಆಮ್ಲಜನಕ ನಿಲ್ಲಬೇಕು. ಆಗ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಬೆನ್ನುಹುರಿಗೋ ಮಿದುಳಿಗೋ ತಾಗಿದರೆ ತಕ್ಷಣ ಬೀಳುತ್ತದೆ ನಿಜ, ಆದರೆ ಆ ಗುರಿ ತೀರಾ ಸಣ್ಣದು. ತಲೆ ಸದಾ ಅಲುಗಾಡುತ್ತಲೂ ಇರುತ್ತದೆ. ಸ್ವಲ್ಪ ತಪ್ಪಿದರೆ ದವಡೆ ಒಡೆದ ಪ್ರಾಣಿ ಹಸಿವಿನಿಂದ ಸಾಯುತ್ತದೆ. ತಲೆಗೆ ಹೊಡೆಯಬೇಡಿ.

ಅಮೆರಿಕದ ಸೇನೆಯ ಶಸ್ತ್ರಚಿಕಿತ್ಸಕ ಮಾರ್ಟಿನ್ ಫ್ಯಾಕ್ಲರ್ 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸಂಶೋಧನಾ ಸಂಸ್ಥೆಯಲ್ಲಿ ಗುಂಡೇಟಿನ ಗಾಯಗಳ ಪ್ರಯೋಗಾಲಯ ನಡೆಸಿದರು. ಅವರು ಜೆಲಟಿನ್ ಗಟ್ಟಿಗಳಿಗೆ ಗುಂಡು ಹೊಡೆದು, ಒಳಗೆ ಆಗುವ ದಾರಿಯನ್ನು ಅಳೆದು ಚಿತ್ರ ಬರೆದಿಡುತ್ತಿದ್ದರು. ಗುಂಡು ಎಷ್ಟು ಶಕ್ತಿ ಬಿಟ್ಟುಕೊಟ್ಟಿತು ಎನ್ನುವುದರಿಂದ ಗಾಯ ಎಂಥದ್ದು ಎಂದು ಹೇಳಲಾಗದು, ಯಾವ ಅಂಗಾಂಶ ಎಷ್ಟು ಆಳದವರೆಗೆ ಹರಿದಿದೆ ಎಂದು ನೋಡಬೇಕು ಎನ್ನುವುದು ಅವರ ವಾದದ ತಿರುಳು. ಬೇಟೆಗೂ ಇದೇ ಸರಿ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಗುಂಡಿನ ಕಡೆಯಿಂದ ಏನನ್ನು ನೋಡಬೇಕು? ತಾಗುವಾಗಿನ ವೇಗ ಮತ್ತು ಗುಂಡಿನ ರಚನೆ. ಬೇಟೆಯ ಗುಂಡು ಮೈಯೊಳಗೆ ಹೋದ ಕೂಡಲೇ ಮೂತಿ ಅಣಬೆಯಂತೆ ಅರಳಬೇಕು. ಅರಳಿದರೆ ದಾರಿ ಅಗಲವಾಗುತ್ತದೆ. ಅರಳಲು ವೇಗ ಬೇಕು. ಸೀಸದ ತಿರುಳು, ತಾಮ್ರದ ಹೊದಿಕೆ ಇರುವ ಸಾಮಾನ್ಯ ಗುಂಡುಗಳಿಗೆ 1,800 ಅಡಿ ವೇಗವನ್ನು ಕೆಳಮಿತಿ ಎಂದು ಇಟ್ಟುಕೊಳ್ಳಬಹುದು. ಪೂರ್ತಿ ತಾಮ್ರದ ಗುಂಡು ಗಟ್ಟಿ, ಅದಕ್ಕೆ 2,000 ಅಡಿ ಇಟ್ಟುಕೊಳ್ಳುವುದು ಕ್ಷೇಮ. ದೂರದ ಗುರಿಗೆಂದೇ ಮಾಡಿದ ಕೆಲವು ಗುಂಡುಗಳು ಇನ್ನೂ ಕಡಿಮೆ ವೇಗದಲ್ಲಿ ಅರಳುತ್ತವೆ ಎಂದು ತಯಾರಕರು ಹೇಳುತ್ತಾರೆ. ನಾನು ಮಾತ್ರ ಅಲ್ಲಿಗೂ 1,800 ಎಂದೇ ಲೆಕ್ಕ ಹಾಕುತ್ತೇನೆ. ವೇಗ ಸಾಲದಿದ್ದರೆ ಗುಂಡು ಸೀದಾ ತೂರಿ ಹೋಗುತ್ತದೆ, ಪೆನ್ಸಿಲ್ ಗಾತ್ರದ ತೂತು ಮಾತ್ರ ಉಳಿಯುತ್ತದೆ.

ವೇಗ ತೀರಾ ಜಾಸ್ತಿ ಇದ್ದು ಗುಂಡು ಮೆದು ಇದ್ದರೆ ಇನ್ನೊಂದು ತೊಂದರೆ. 1946ರಲ್ಲಿ ಜಾನ್ ನಾಸ್ಲರ್ ಎಂಬವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಯ ಬೇಟೆಗೆ ಹೋಗಿದ್ದರು. ಕೈಯಲ್ಲಿ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್, ಶಕ್ತಿಗೆ ಏನೂ ಕಮ್ಮಿ ಇಲ್ಲದ ರೈಫಲ್. ಮೂಸ್ ಮೈಗೆ ಕೆಸರು ಮೆತ್ತಿಕೊಂಡಿತ್ತು. ಗುಂಡುಗಳು ಮೇಲೇ ಒಡೆದುಹೋದವು, ಒಳಗೆ ಇಳಿಯಲೇ ಇಲ್ಲ. ಆ ಬೇಸರದಿಂದ ಅವರು ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. 1948ರಲ್ಲಿ ಮಾರುಕಟ್ಟೆಗೆ ಬಂದ ಆ ಪಾರ್ಟಿಶನ್ ಗುಂಡು ಇವತ್ತಿಗೂ ಮಾರಾಟದಲ್ಲಿದೆ. ನಿಮ್ಮ 143 ಗ್ರೇನ್ ಗುಂಡು ಮೆದು ಕಡೆಯದು. 50 ಗಜದಲ್ಲಿ ಎಲ್ಕ್ ಸಿಕ್ಕಿದರೆ ಭುಜದ ದಪ್ಪ ಮೂಳೆಗೆ ಗುರಿ ಇಡಬೇಡಿ. ಮುಂಗಾಲಿನ ಹಿಂದೆ, ಪಕ್ಕೆಲುಬಿನ ಮೇಲೆ ಇಡಿ. ಮೊದಲ ಬೇಟೆಗೆ ನನ್ನ ಆಯ್ಕೆ ಕೇಳಿದರೆ ಹೊದಿಕೆಗೆ ತಿರುಳನ್ನು ಬೆಸೆದ ಗುಂಡು, ಇಲ್ಲವೇ ತಾಮ್ರದ ಗುಂಡು. 250 ಗಜದೊಳಗೆ ಎರಡೂ ಚೆನ್ನಾಗಿ ಅರಳುತ್ತವೆ, ಆಳಕ್ಕೂ ಹೋಗುತ್ತವೆ. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ ಅಂದರೆ ತಾಮ್ರವೇ ವಾಸಿ. ಸೀಸದ ಗುಂಡಿನ ಸಣ್ಣ ಚೂರುಗಳು ಗಾಯದ ಸುತ್ತ ದೂರದವರೆಗೆ ಹರಡಿರುತ್ತವೆ, ಕಣ್ಣಿಗೂ ಕಾಣುವುದಿಲ್ಲ.

ಈಗ ನಿಮ್ಮ ಟೇಬಲ್‌ಗೆ ಬರೋಣ. ನಿಮ್ಮ ತೋಟಾದ ವೇಗ 300 ಗಜದಲ್ಲಿ ಸುಮಾರು 2,285 ಅಡಿ, 400ರಲ್ಲಿ 2,155, 500ರಲ್ಲಿ 2,030. ಪ್ರತಿ 100 ಗಜಕ್ಕೆ 120-130 ಅಡಿ ಇಳಿಯುತ್ತಿದೆ. ಹಾಗೆ ನೋಡಿದರೆ 1,800 ಅಡಿಗೆ ಬರುವುದು 700 ಗಜದ ಹತ್ತಿರ. ಮೂತಿ ಮೊಂಡಾದ ಹಳೇ ಮಾದರಿಯ, .308 ರೈಫಲ್‌ನ 150 ಗ್ರೇನ್ ಗುಂಡು 2,820 ಅಡಿಯಲ್ಲಿ ಹೊರಟರೂ 400 ಗಜಕ್ಕೇ 1,774ಕ್ಕೆ ಇಳಿಯುತ್ತದೆ. ಹೊರಡುವಾಗ ಅದರ ಶಕ್ತಿ 2,648, ನಿಮ್ಮದಕ್ಕಿಂತ ಜಾಸ್ತಿ. 400 ಗಜದಲ್ಲಿ ಅದು 1,048, ನಿಮ್ಮದು 1,475. ಉದ್ದ ಮೂತಿಯ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುವುದರ ಲಾಭ ಇದು.

ಟೇಬಲ್ ಬಗ್ಗೆ ಇನ್ನೆರಡು ಮಾತು. ಕಂಪನಿಯವರು ವೇಗ ಅಳೆಯುವುದು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ. ನಿಮ್ಮದು 20 ಇಂಚಿದ್ದರೆ ಇಂಚಿಗೆ 20-25 ಅಡಿಯಂತೆ ಕಡಿಮೆ ಮಾಡಿಕೊಳ್ಳಿ. ಎರಡನೆಯದು ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಆ ಟೇಬಲ್ ಸಮುದ್ರಮಟ್ಟದ ಗಾಳಿಗೆ ಬರೆದದ್ದು. ನೀವು ಎಲ್ಕ್ ಹುಡುಕಿ ಹೋಗುವುದು ರಾಕಿ ಬೆಟ್ಟಗಳ 9,000 ಅಡಿ ಎತ್ತರಕ್ಕೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗ ಅಷ್ಟೇ. ಗುಂಡಿಗೆ ತಡೆ ಕಡಿಮೆ. ಸಮುದ್ರಮಟ್ಟದಲ್ಲಿ 380 ಗಜಕ್ಕೆ ಕಳೆದುಕೊಳ್ಳುವಷ್ಟು ವೇಗವನ್ನು ಅಲ್ಲಿ 500 ಗಜಕ್ಕೆ ಕಳೆದುಕೊಳ್ಳುತ್ತದೆ. ಅಂದರೆ 500 ಗಜದಲ್ಲಿ ಟೇಬಲ್ ಹೇಳುವ 1,308 ಅಡಿ-ಪೌಂಡ್ ಬದಲು ಬೆಟ್ಟದ ಮೇಲೆ 1,500 ಇರುತ್ತದೆ! ನೀವು ನಂಬಿದ ಲೆಕ್ಕವೇ ನಿಮ್ಮ ಗೆಳೆಯನಿಗೆ 500 ಗಜದ ಅನುಮತಿ ಕೊಟ್ಟುಬಿಟ್ಟಿತು. ಬೆಟ್ಟ ಹತ್ತಿದ ಮಾತ್ರಕ್ಕೆ ನೀವು 120 ಗಜ ಹೆಚ್ಚು ದೂರ ಹೊಡೆಯಬಲ್ಲವರಾದಿರಾ? ಆಗಲಿಲ್ಲ. ಏದುಸಿರು, ಚಳಿ, ಮರಗಟ್ಟಿದ ಬೆರಳು ಸೇರಿ ನಿಮ್ಮ ಗುರಿ ಬೆಟ್ಟದ ಕೆಳಗೆ ಇದ್ದದ್ದಕ್ಕಿಂತ ಕೆಟ್ಟಿರುತ್ತದೆ.

ಕಾನೂನಿನಲ್ಲೂ ಶಕ್ತಿಯ ಲೆಕ್ಕ ಇದೆಯಲ್ಲ ಎಂದು ಕೇಳಬಹುದು. ಇದೆ. ಕೊಲೊರಾಡೋದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಗುಂಡಿನ ಅಗಲ 0.24 ಇಂಚು), ಕನಿಷ್ಠ 85 ಗ್ರೇನ್‌ನ ಅರಳುವ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಬೇಕು. ಜರ್ಮನಿಯಲ್ಲಿ ರೋ ಜಿಂಕೆಗೆ 100 ಮೀಟರ್‌ನಲ್ಲಿ 1,000 ಜೂಲ್, ಅದಕ್ಕಿಂತ ದೊಡ್ಡ ಪ್ರಾಣಿಗಳಿಗೆ 2,000 ಜೂಲ್ ಮತ್ತು ಕನಿಷ್ಠ 6.5 ಮಿಲಿಮೀಟರ್ ಗುಂಡು. ಸ್ಕಾಟ್ಲೆಂಡ್‌ನಲ್ಲಿ ಕೆಂಪು ಜಿಂಕೆಗೆ ನಳಿಗೆಯ ಬಾಯಲ್ಲಿ 1,750 ಅಡಿ-ಪೌಂಡ್. ಗಮನಿಸಿ, ಎಲ್ಲವೂ ಒಂದು ಗೊತ್ತಾದ ಜಾಗದಲ್ಲಿ ಅಳೆದದ್ದು. ತೀರಾ ಸಣ್ಣ ತೋಟಾ ತೆಗೆದುಕೊಂಡು ದೊಡ್ಡ ಪ್ರಾಣಿಯ ಮೇಲೆ ಹೋಗಬೇಡಿ ಎಂದು ತಡೆಯಲು ಮಾಡಿದ ನಿಯಮಗಳು ಇವು. ಆ ಕೆಲಸಕ್ಕೆ ಶಕ್ತಿಯ ಸಂಖ್ಯೆ ಒಳ್ಳೆಯದೇ. ತೋಟಾದ ಪೆಟ್ಟಿಗೆ ನೋಡಿ ಯಾರು ಬೇಕಾದರೂ ಪರೀಕ್ಷಿಸಬಹುದು. ಇಷ್ಟು ದೂರದವರೆಗೆ ಹೊಡೆಯಬಹುದು ಎಂದು ಹೇಳಲು ಅವನ್ನು ಬರೆದದ್ದಲ್ಲ. ಎಲ್ಕ್‌ಗೆ ತಾಗುವಲ್ಲಿ 1,500 ಇರಬೇಕು ಎನ್ನುವುದು ಕೊಲೊರಾಡೋದ ಕಾನೂನಿನಲ್ಲಿ ಇಲ್ಲವೇ ಇಲ್ಲ, ಅದು ಬಾಯಿಂದ ಬಾಯಿಗೆ ಬಂದ ಅಂದಾಜು.

ಗುಂಡಿನ ಮಿತಿ 700 ಗಜ ಎಂದಾದರೆ ನಿಮ್ಮ ಮಿತಿ 250 ಯಾಕೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ತಾಳ್ಮೆಯಿಂದ ಓದಿ.

ಅಡ್ಡಲಾಗಿ ನಿಂತ ಹೆಣ್ಣು ಎಲ್ಕ್‌ನ ಶ್ವಾಸಕೋಶದ ಜಾಗ ಒಂದು ಅಡಿ ಅಗಲ ಇದೆ ಎನ್ನಬಹುದು. ಅಂಚಿಗೆ ತಾಗುವ ಗುಂಡನ್ನು ಲೆಕ್ಕಕ್ಕೆ ಹಿಡಿಯಬಾರದು. ಹಾಗಾಗಿ 10 ಇಂಚಿನ ವೃತ್ತ ಎಂದುಕೊಳ್ಳಿ. ರೇಂಜ್‌ನಲ್ಲಿ ಬೆಂಚಿನ ಮೇಲೆ ಮರಳಚೀಲ ಇಟ್ಟು ಹೊಡೆದರೆ ನಿಮ್ಮ ರೈಫಲ್ 100 ಗಜದಲ್ಲಿ ಒಂದು ಇಂಚಿನೊಳಗೆ ಗುಂಡು ಕೂರಿಸಬಹುದು. ಕಾಡಿನಲ್ಲಿ ಬೆಂಚು ಇಲ್ಲ. ಕೂತು, ಮಂಡಿಯೂರಿ, ಬ್ಯಾಗಿನ ಮೇಲೆ ಒರಗಿಸಿ ಹೊಡೆಯುವಾಗ ಒಳ್ಳೆ ಅಭ್ಯಾಸ ಇರುವವರೂ 100 ಗಜಕ್ಕೆ ಮೂರು ಇಂಚು ಹರಡುತ್ತಾರೆ. 300 ಗಜದಲ್ಲಿ ಅದು 9 ಇಂಚು ದಾಟುತ್ತದೆ. 10 ಇಂಚಿನ ವೃತ್ತ ಅಲ್ಲಿಗೇ ತುಂಬಿತು. 500 ಗಜದಲ್ಲಿ 15 ಇಂಚಿಗೂ ಜಾಸ್ತಿ. ಗಾಳಿ ಇಲ್ಲದ, ಪ್ರಾಣಿ ಕದಲದ, ದೂರ ಸರಿಯಾಗಿ ಗೊತ್ತಿರುವ ಸ್ಥಿತಿಯ ಮಾತು ಇದು.

ಗಾಳಿ ಸೇರಿಸಿ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ದರೆ ನಿಮ್ಮ ಗುಂಡು ಸಮುದ್ರಮಟ್ಟದ ಲೆಕ್ಕದಲ್ಲಿ 300 ಗಜಕ್ಕೆ ಸುಮಾರು 5 ಇಂಚು ಸರಿಯುತ್ತದೆ, 500 ಗಜಕ್ಕೆ ಸುಮಾರು 14 ಇಂಚು. ಎತ್ತರದಲ್ಲಿ ಇದರ ಮುಕ್ಕಾಲು ಭಾಗ. ಮುಖಕ್ಕೆ ತಾಗುವ ಗಾಳಿ 5 ಮೈಲಿಯೋ 10 ಮೈಲಿಯೋ ಎಂದು ಹೊಸಬರಿಗೆ ಗೊತ್ತಾಗುವುದು ಕಷ್ಟ. ಬೆಟ್ಟದಲ್ಲಂತೂ ನೀವು ಕೂತಲ್ಲಿ ಒಂದು ಗಾಳಿ, ನಡುವಿನ ಕಣಿವೆಯಲ್ಲಿ ಇನ್ನೊಂದು, ಎಲ್ಕ್ ನಿಂತಲ್ಲಿ ಮತ್ತೊಂದು. 5 ಮೈಲಿ ತಪ್ಪಿ ಎಣಿಸಿದರೆ 300 ಗಜದಲ್ಲಿ ಎರಡು ಇಂಚಿನ ತಪ್ಪಾಗುತ್ತದೆ, ಗುಂಡು ಶ್ವಾಸಕೋಶದ ಒಳಗೇ ಇರುತ್ತದೆ. 500ರಲ್ಲಿ ಅದೇ ತಪ್ಪು 5-6 ಇಂಚು. ಕೈಯ ಹರಡುವಿಕೆ ಅದರ ಮೇಲೆ ಸೇರಿದರೆ ಗುಂಡು ಹೊಟ್ಟೆಗೆ ಹೋಗುತ್ತದೆ.

ದೂರ ತಪ್ಪಾದರೂ ಹಾಗೇ. 200 ಗಜಕ್ಕೆ ಸೊನ್ನೆ ಕೂರಿಸಿದ, ಅಂದರೆ ಅಲ್ಲಿ ಗುರಿ ಇಟ್ಟ ಜಾಗಕ್ಕೇ ತಾಗುವಂತೆ ಸ್ಕೋಪ್ ಹೊಂದಿಸಿದ ನಿಮ್ಮ ರೈಫಲ್‌ನ ಗುಂಡು 500 ಗಜದಲ್ಲಿ 40 ಇಂಚಿಗಿಂತ ಜಾಸ್ತಿ ಕೆಳಗೆ ಬೀಳುತ್ತದೆ. ರೇಂಜ್‌ಫೈಂಡರ್ ಎಲ್ಕ್ ಬದಲು ಅದರ ಹಿಂದಿನ ಮರವನ್ನು ಅಳೆದರೆ ಕೆಲಸ ಕೆಟ್ಟಿತು. 250ರ ಒಳಗಾದರೆ ಗುರಿ ಮೇಲೆ ಕೆಳಗೆ ಮಾಡುವ ಸ್ಕೋಪ್‌ನ ಸುತ್ತುಗುಂಡಿ ಮುಟ್ಟುವುದೇ ಬೇಡ. ಜಾಗ ನೋಡಿ ಹೊಡೆದರೆ ಸಾಕು.

ಯಾರೂ ಅಷ್ಟಾಗಿ ಯೋಚಿಸದ ಇನ್ನೊಂದು ವಿಷಯ ಸಮಯ. ನಿಮ್ಮ ಗುಂಡು 500 ಗಜ ತಲುಪಲು ಸೆಕೆಂಡಿನ ಹತ್ತರಲ್ಲಿ ಆರು ಭಾಗ ಬೇಕು. ಎಲ್ಕ್ ಗಂಟೆಗೆ 3 ಮೈಲಿ ವೇಗದಲ್ಲಿ, ಅಂದರೆ ಸುಮ್ನೆ ನಡೆಯುವ ವೇಗದಲ್ಲಿ, ಹೆಜ್ಜೆ ಇಟ್ಟರೆ ಅಷ್ಟರಲ್ಲಿ ಎರಡೂವರೆ ಅಡಿಗಿಂತ ಮುಂದೆ ಹೋಗಿರುತ್ತದೆ. ನೀವು ಟ್ರಿಗರ್ ಎಳೆದಾಗ ನಿಂತಿತ್ತು, ಗುರಿ ಶ್ವಾಸಕೋಶದ ಮೇಲಿತ್ತು, ಗಾಳಿ ಸರಿಯಾಗಿ ಎಣಿಸಿದ್ದಿರಿ, ಎಲ್ಲವೂ ಸರಿ. ಗುಂಡು ದಾರಿಯಲ್ಲಿದ್ದಾಗ ಅದು ಹುಲ್ಲಿಗೆ ಒಂದು ಹೆಜ್ಜೆ ಮುಂದಿಟ್ಟಿತು. ಗುಂಡು ಹೊಟ್ಟೆಗೆ ತಾಗಿತು. ಇದಕ್ಕೆ ಯಾವ ಸ್ಕೋಪೂ, ಯಾವ ಮ್ಯಾಗ್ನಮ್ಮೂ ಪರಿಹಾರ ಅಲ್ಲ. ಜಗತ್ತಿನ ಅತಿ ಒಳ್ಳೆ ಗುರಿಕಾರನಿಗೂ ಇದು ಕೈಮೀರಿದ ವಿಷಯ. 500 ಗಜದ ಮಾತು ಬಂದಾಗ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ. ಸ್ಟೀಲ್ ಪ್ಲೇಟ್‌ಗೆ 1,000 ಗಜದಿಂದ ಹೊಡೆಯಿರಿ, ಅದು ಚಂದದ ಆಟ. ಜೀವದ ಮೇಲೆ ಆ ಪ್ರಯೋಗ ಬೇಡ. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಶುರು ಮಾಡಿದ ಬೇಟೆಗಾರರ ಸಂಘ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ ಇದನ್ನೇ ಹೇಳುತ್ತದೆ: ಎಷ್ಟು ದೂರದಿಂದ ತಾಗಿಸಬಲ್ಲೆ ಎಂದು ನೋಡಲು ಪ್ರಾಣಿಯ ಮೇಲೆ ಗುಂಡು ಹೊಡೆಯುವುದನ್ನು ಅವರು ಬೇಟೆ ಎಂದೇ ಒಪ್ಪುವುದಿಲ್ಲ.

ತೆಂಗಿನಕಾಯಿಯ ಅಭ್ಯಾಸದ ಬಗ್ಗೆ ಬರೆದಿದ್ದೀರಿ. ಅದನ್ನು ಕಡೆಗಣಿಸಬೇಡಿ. ಮರದ ತುದಿಯ ಕಾಯಿಗೆ ಜನರ ಮುಂದೆ, ಎದೆ ಹೊಡೆದುಕೊಳ್ಳುವಾಗ ಕೋವಿ ಎತ್ತಿ ಗುರಿ ಹಿಡಿದ ಅಭ್ಯಾಸ ನಿಮಗಿದೆ, ಇಲ್ಲಿನ ಎಷ್ಟೋ ಹೊಸಬರಿಗೆ ಅದಿಲ್ಲ. ಆದರೆ ಕಾಯಿ ಕದಲುವುದಿಲ್ಲ, ತಪ್ಪಿದರೆ ನೋವು ತಿಂದು ಓಡುವುದೂ ಇಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಿಂತ ಮೊದಲು, ಬೇಟೆಗೆ ಅವಕಾಶ ಇದ್ದ ಕಾಲದಲ್ಲಿ, ಕೇಪಿನ ಕೋವಿಯಲ್ಲೋ ತೋಟಾಕೋವಿಯಲ್ಲೋ ಚರೆ ತುಂಬಿ ಕಾಯುತ್ತಿದ್ದವರಿಗೆ ಇಂಥ ಪ್ರಶ್ನೆ ಬರುತ್ತಲೇ ಇರಲಿಲ್ಲ. ಚರೆ ನಲವತ್ತು ಹೆಜ್ಜೆಯಾಚೆ ಚೆಲ್ಲಾಪಿಲ್ಲಿ. ಪ್ರಾಣಿ ಹತ್ತಿರ ಬರಬೇಕು, ಇಲ್ಲವೇ ಇವರು ಹತ್ತಿರ ಹೋಗಬೇಕು. ರೈಫಲ್ ಬಂದ ಮೇಲೆ ಆ ಶಿಸ್ತನ್ನು ನಾವೇ ಹಾಕಿಕೊಳ್ಳಬೇಕಾಗಿದೆ. ಅಂದಹಾಗೆ, ಕೊಡವರಿಗೆ ಕೋವಿಯ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಇಲ್ಲಿ ಬರೆದ ಯಾವುದನ್ನೂ ಊರಿನ ಕಾಡಿಗೆ ಅನ್ವಯಿಸುವ ಹಾಗಿಲ್ಲ.

ಇನ್ನು ಪರೀಕ್ಷೆ. ಹತ್ತು ಇಂಚಿನ ಪೇಪರ್ ಪ್ಲೇಟ್‌ಗಳನ್ನು ತನ್ನಿ. 100 ಗಜದಿಂದ ಶುರು ಮಾಡಿ. ಬೆಂಚು ಬೇಡ. ರೇಂಜ್‌ನಲ್ಲಿ ಅನುಮತಿ ಇದ್ದರೆ ರೈಫಲ್ ಖಾಲಿ ಇಟ್ಟು, ಬೇಟೆಯ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಏದುಸಿರು ಬರುವಷ್ಟು ಬಿರುಸಾಗಿ ನಡೆದು ಬನ್ನಿ. ಆಮೇಲೆ ಕೂತು ಒಂದು, ಮಂಡಿಯೂರಿ ಒಂದು, ಬ್ಯಾಗಿನ ಮೇಲೆ ಮಲಗಿ ಒಂದು, ಕೋಲಿಗೆ ಒರಗಿಸಿ ನಿಂತು ಒಂದು. ಬೇಟೆಗೆ ಹಾಕುವ ಜಾಕೆಟ್, ಕೈಗವಸು ಹಾಕಿಕೊಂಡೇ ಹೊಡೆಯಿರಿ. ಪ್ರತಿ ಗುಂಡೂ ಪ್ಲೇಟಿನಲ್ಲಿ ಇರಬೇಕು. ಹೆಚ್ಚಿನವು ಇದ್ದವು ಎನ್ನುವುದು ಸಾಲದು. ಹೊರಗೆ ಹೋದ ಒಂದು ಗುಂಡು ಎಂದರೆ ಗಾಯಗೊಂಡ ಒಂದು ಎಲ್ಕ್. ಬೇರೆ ಬೇರೆ ದಿನ ಇದನ್ನೇ ಮಾಡಿ. ಆಮೇಲೆ 150, 200, 250, 300, 350. ಯಾವ ಭಂಗಿಯಲ್ಲಿ ಯಾವ ದೂರಕ್ಕೆ ಗುಂಡು ಹೊರಗೆ ಹೋಗಲು ಶುರುವಾಯಿತೋ ಅದಕ್ಕಿಂತ 50 ಗಜ ಈಚೆ ಆ ಭಂಗಿಯ ಮಿತಿ. ಮಲಗಿ ಹೊಡೆದರೆ 300 ಬರಬಹುದು, ಕೋಲಿಗೆ ಒರಗಿ ನಿಂತರೆ 100 ಇರಬಹುದು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ರೈಫಲ್‌ನ ಹಿಡಿಗೆ ಅಂಟಿಸಿ. ಪ್ರತಿ ದಿನದ ಮೊದಲ ಗುಂಡಿಗೆ ವಿಶೇಷ ಗಮನ ಕೊಡಿ. ಬೇಟೆಯಲ್ಲಿ ನಿಮಗೆ ಸಿಗುವುದು ತಣ್ಣಗಿರುವ ನಳಿಗೆಯ ಆ ಮೊದಲ ಗುಂಡೇ.

ಗುರಿಯ ಜಾಗ ಹೀಗೆ. ಎಲ್ಕ್ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆ ತಿರುಗಿರಬೇಕು. ಮುಂಗಾಲಿನ ಹಿಂಬದಿಯ ಗೆರೆಯಲ್ಲೇ ಮೇಲಕ್ಕೆ ಬನ್ನಿ, ಎದೆಯ ಎತ್ತರದ ಮೂರನೇ ಒಂದು ಭಾಗದಿಂದ ನಡುವಿನ ತನಕ ಎಲ್ಲಿ ತಾಗಿದರೂ ಎರಡೂ ಶ್ವಾಸಕೋಶ ಸಿಗುತ್ತವೆ. ಆಚೆ ತಿರುಗಿದ್ದರೆ ಗುಂಡು ಹೊರಬರುವ ಕಡೆಯ ಮುಂಗಾಲನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗುರಿ ಇಡಿ. ನಿಮ್ಮ ಕಡೆ ಮುಖ ಮಾಡಿದ್ದರೆ, ಬೆನ್ನು ತೋರಿಸುತ್ತಿದ್ದರೆ, ನಡೆಯುತ್ತಿದ್ದರೆ, ಹಿಂಡಿನಲ್ಲಿ ಇನ್ನೊಂದು ಅದರ ಹಿಂದೆ ಇದ್ದರೆ ಕಾಯಿರಿ. ಗುಂಡು ಒಂದನ್ನು ದಾಟಿ ಇನ್ನೊಂದಕ್ಕೂ ತಾಗಬಹುದು. ನಿಮ್ಮ ಹತ್ತಿರ ಇರುವುದು ಒಂದೇ ಟ್ಯಾಗ್.

ಹೊಡೆದ ಮೇಲೆ ಬೋಲ್ಟ್ ಎಳೆದು ಇನ್ನೊಂದು ತೋಟಾ ತುಂಬಿ, ಸ್ಕೋಪ್‌ನಿಂದ ಕಣ್ಣು ತೆಗೆಯಬೇಡಿ. ಎಲ್ಕ್ ಗಟ್ಟಿ ಪ್ರಾಣಿ. ಶ್ವಾಸಕೋಶ ಹರಿದಿದ್ದರೂ ಏನೂ ಆಗದವರ ಹಾಗೆ ಕೆಲವು ಸೆಕೆಂಡು ನಿಂತಿರುತ್ತದೆ. ನಿಂತಿರುವ ತನಕ ಮತ್ತೆ ಹೊಡೆಯಿರಿ. ಮಾಂಸ ಹಾಳಾಗುತ್ತದೆ ಎಂದು ಯೋಚಿಸುವ ಹೊತ್ತು ಅದಲ್ಲ. ಅದು ನಿಂತಿದ್ದ ಜಾಗಕ್ಕೆ ಒಂದು ಗುರುತು ಹಿಡಿದುಕೊಳ್ಳಿ, ಬಂಡೆಯೋ ಸತ್ತ ಮರವೋ. ಕಣ್ಮರೆಯಾದರೆ ಅರ್ಧ ಗಂಟೆ ಕೂತಿರಿ. ಆಮೇಲೆ ಹೋಗಿ ರಕ್ತ ಹುಡುಕಿ. ನೊರೆ ಇರುವ ತಿಳಿ ಕೆಂಪು ರಕ್ತ ಕಂಡರೆ ಶ್ವಾಸಕೋಶದ್ದು, ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಮಿಶ್ರಿತ, ವಾಸನೆಯ ದ್ರವ ಕಂಡರೆ ಹೊಟ್ಟೆಗೆ ತಾಗಿದೆ. ಆಗ ಹಿಂದೆ ಸರಿದು ಹಲವು ಗಂಟೆ ಬಿಡಬೇಕು. ಅಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ತಪ್ಪಿತು ಅಂತ ಅನಿಸಿದರೂ ಹೋಗಿ ನೋಡಲೇಬೇಕು. ದೂರದ ಗುಂಡಿನ ಇನ್ನೊಂದು ಕೆಡುಕು ಇಲ್ಲಿದೆ. ಕಣಿವೆಯ ಆಚೆ ಬದಿಗೆ 500 ಗಜದಿಂದ ಹೊಡೆದವನು ಇಳಿದು ಹತ್ತಿ ಅಲ್ಲಿಗೆ ಹೋಗುವಾಗ ಗಂಟೆ ಕಳೆದಿರುತ್ತದೆ. ಅಲ್ಲಿಂದ ನೋಡಿದರೆ ಯಾವ ಬಂಡೆ, ಯಾವ ಮರ ಎಂದೇ ಗೊತ್ತಾಗುವುದಿಲ್ಲ. ರಕ್ತ ಸಿಗದೆ "ತಪ್ಪಿರಬೇಕು" ಎಂದುಕೊಂಡು ವಾಪಸ್ ಬರುತ್ತಾನೆ. ತಪ್ಪಿರುವುದಿಲ್ಲ.

ಕೊನೆಯದಾಗಿ .300 ಮ್ಯಾಗ್ನಮ್. ಈ ವರ್ಷ ಬೇಡ. 180 ಗ್ರೇನ್ ಗುಂಡನ್ನು 2,960 ಅಡಿಯಲ್ಲಿ ಕಳಿಸಿ 3,500 ಅಡಿ-ಪೌಂಡ್ ಕೊಡುತ್ತದೆ, ನಿಜ. ಒದೆತವೂ ನಿಮ್ಮ ಈಗಿನ ರೈಫಲ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು. ಹೊಸಬರು ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾರೆ, ಹೆಗಲು ಸೆಟೆಸುತ್ತಾರೆ. ಮೂರು ಇಂಚಿನ ಹರಡುವಿಕೆ ಆರು ಇಂಚು ಆಗುತ್ತದೆ. ನಿಮ್ಮ ದೂರ ಅರ್ಧಕ್ಕೆ ಇಳಿಯುತ್ತದೆ. ಆ ದುಡ್ಡಿಗೆ ಈಗಿನ ರೈಫಲ್‌ಗೇ ಇನ್ನಷ್ಟು ತೋಟಾ ತಂದು ಬೇಸಿಗೆಯೆಲ್ಲ ಪ್ಲೇಟ್‌ಗೆ ಹೊಡೆಯಿರಿ. ಬೇಟೆಗೆ ಬಳಸುವ ತೋಟಾದಲ್ಲೇ ಸೊನ್ನೆ ಕೂರಿಸಿ. ಅಗ್ಗದ್ದರಲ್ಲಿ ಅಭ್ಯಾಸ ಮಾಡಿ ದುಬಾರಿಯದನ್ನು ಕಾಡಿಗೆ ಒಯ್ದರೆ ಗುಂಡು ಬೇರೆ ಕಡೆ ಬೀಳುತ್ತದೆ. ನಿಮ್ಮ ನಳಿಗೆಯ ಉದ್ದ ಎಷ್ಟು, ಯಾವ ಎತ್ತರದ ಜಾಗಕ್ಕೆ ಹೋಗುತ್ತೀರಿ ಎಂದು ಬರೆದು ಕಳಿಸಿದರೆ, 50 ಗಜಕ್ಕೊಮ್ಮೆ ಗುಂಡು ಎಷ್ಟು ಬೀಳುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂಬ ಪಟ್ಟಿ ಮಾಡಿಕೊಡುತ್ತೇನೆ. ರೇಂಜ್‌ನಲ್ಲಿ ಹೊಡೆದು ನೋಡಿ ಅದನ್ನು ತಿದ್ದಿಕೊಳ್ಳಬಹುದು.